ಕತ್ತಲ ಹೊಲದ ಮೇಲೆ ನಾಲ್ಕು ತಿಂಗಳು: ಎಕ್ಸ್-ಪ್ಲೇನ್ 12ರಲ್ಲಿ ರಾತ್ರಿ ಇಳಿದು ನೋಡಿದೆ

ಮೊದಲೇ ಹೇಳಿಬಿಡುತ್ತೇನೆ, ವಿಮಾನದ ಆಟ ಆಡಬೇಕು ಅಂತ ನಾನು ಎಕ್ಸ್-ಪ್ಲೇನ್ ಎಂಬ ಈ ಕಂಪ್ಯೂಟರ್ ಸಾಫ್ಟ್‌ವೇರ್ ತಗೊಂಡಿದ್ದಲ್ಲ. ನನ್ನ ಅಕ್ಕನ ಮಗಳು ಬೇರೆ ರಾಜ್ಯದಲ್ಲಿ ಪೈಲಟ್ ತರಬೇತಿಗೆ ಸೇರಿದ್ದಾಳೆ. ಯುಗಾದಿ ಆದ ಮೇಲೆ ಒಂದು ಸಂಜೆ ಫೋನ್ ಮಾಡಿ, "ಮಾಮಾ, ಮುಂದಿನ ತಿಂಗಳು ನೈಟ್ ಫ್ಲೈಯಿಂಗ್ ಶುರು ಅದ, ಅವ್ವಗ ಈಗಲೇ ಹೇಳಬ್ಯಾಡ" ಅಂದಳು. ನಮ್ಮ ದೇಶದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸಿಗೆ ಒಟ್ಟು 200 ಗಂಟೆ ಹಾರಿರಬೇಕು. ಅದರಲ್ಲಿ 5 ಗಂಟೆ ರಾತ್ರಿ, ತಾನೇ ಪೈಲಟ್ ಆಗಿ 10 ಸಲ ಏರಿ 10 ಸಲ ಇಳಿದಿರಬೇಕು. ಲೆಕ್ಕಕ್ಕೆ ಹತ್ತೇ ಸಲ. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮೊಬೈಲ್ ಹಿಡಿದು ಓದುತ್ತಾ ಕೂತೆ.

ಮೊದಲು ಕಣ್ಣಿಗೆ ಬಿದ್ದಿದ್ದು ಮಧ್ಯಪ್ರದೇಶದ ರೇವಾ. 2023ರ ಜನವರಿ ಮೊದಲ ವಾರ, ರಾತ್ರಿ, ಮಂಜು. ತರಬೇತಿಯ ಸಣ್ಣ ವಿಮಾನ ಇಳಿಯಲು ಬರುವಾಗ ದೇವಸ್ಥಾನದ ಶಿಖರಕ್ಕೂ ವಿದ್ಯುತ್ ತಂತಿಗೂ ತಗುಲಿ ಬಿತ್ತು. ಕಲಿಸುತ್ತಿದ್ದ ಪೈಲಟ್ ತೀರಿಹೋದರು, ಕಲಿಯುತ್ತಿದ್ದ ಹುಡುಗನಿಗೆ ಗಾಯ. ನಾನು ಎಲೆಕ್ಟ್ರಿಕಲ್ ಕಂಟ್ರಾಕ್ಟರ್. ಇಪ್ಪತ್ತು ವರ್ಷದಿಂದ ಕಂಬ, ತಂತಿ, ದೀಪ ಇದೇ ಕೆಲಸ. ಆ ಸುದ್ದಿ ಓದಿದಾಗ ನನ್ನ ಕಣ್ಣ ಮುಂದೆ ಬಂದಿದ್ದು ಆ ತಂತಿ. ಹೊಲದಲ್ಲಿ ನಿಂತ ಕಂಬಕ್ಕೆ ದೀಪ ಇರುವುದಿಲ್ಲ. ರಾತ್ರಿ ಹೊತ್ತು ಕೆಳಗೆ ನಿಂತವನಿಗೇ ಅದು ಕಾಣಲ್ಲ, ಇನ್ನು ಮೇಲಿನಿಂದ ಬರುವವರಿಗೆ ಹೇಗೆ ಕಾಣಬೇಕು?

ಅಷ್ಟು ಹತ್ತಿರ ಬಂದವರು ಅಷ್ಟು ಕೆಳಗೆ ಯಾಕೆ ಬರುತ್ತಾರೆ? ಇದೊಂದೇ ನನಗೆ ತಿಳಿಯಬೇಕಿತ್ತು. ಮಂಜು ಇದ್ದರೆ ಸರಿ, ಒಪ್ಪೋಣ. ಆದರೆ ಓದುತ್ತಾ ಹೋದಂತೆ ಗೊತ್ತಾಯಿತು, ಆಕಾಶ ತಿಳಿಯಾಗಿದ್ದು ರನ್‌ವೇ ದೀಪ ಸಾಲಾಗಿ ಸ್ಪಷ್ಟವಾಗಿ ಕಾಣುತ್ತಿದ್ದಾಗಲೂ ಸಣ್ಣ ವಿಮಾನಗಳು ರನ್‌ವೇ ಮುಟ್ಟುವ ಮೊದಲೇ ನೆಲಕ್ಕೆ ಬಡಿದಿವೆ. ಅದು ಹೇಗೆ ಅಂತ ನನ್ನ ಕಣ್ಣಿನಿಂದಲೇ ನೋಡಬೇಕು ಅನ್ನಿಸಿತು. ಅದಕ್ಕೆ ಎಕ್ಸ್-ಪ್ಲೇನ್ 12.

ಇದು ಕಂಪ್ಯೂಟರಿನಲ್ಲಿ ವಿಮಾನ ಹಾರಿಸುವ ಸಾಫ್ಟ್‌ವೇರ್. ಲ್ಯಾಮಿನಾರ್ ರಿಸರ್ಚ್ ಎಂಬ ಅಮೆರಿಕದ ಕಂಪನಿಯದು. ನನ್ನ ಹಳೇ ಕಂಪ್ಯೂಟರಿನಲ್ಲಿ ನಡೆಯುವ ಮಾತೇ ಇರಲಿಲ್ಲ, ಗ್ರಾಫಿಕ್ಸ್ ಕಾರ್ಡ್ ಹೊಸದು ಹಾಕಿಸಿದೆ. ಇಡೀ ಪ್ರಪಂಚದ ನೆಲ ಇಳಿಸಿಕೊಳ್ಳಬೇಕಾಗಿಲ್ಲ, ನಮಗೆ ಬೇಕಾದ ಭಾಗ ಮಾತ್ರ ಆರಿಸಿಕೊಳ್ಳಬಹುದು. ಇದು ನನಗೆ ತುಂಬಾ ಅನುಕೂಲ ಆಯಿತು. ಕೊಳ್ಳುವ ಮೊದಲು ನೋಡಲು ಡೆಮೊ ಕೂಡ ಇದೆ. ಜಾಯ್‌ಸ್ಟಿಕ್ ಮಾತ್ರ ಬೇಕೇ ಬೇಕು, ಕೀಬೋರ್ಡಿನಲ್ಲಿ ಇಳಿಸುತ್ತೇನೆ ಅಂತ ಹೊರಡಬೇಡಿ. ನಾನು ಮೊದಲು ತಂದ ಜಾಯ್‌ಸ್ಟಿಕ್ ಎರಡು ವಾರಕ್ಕೆ ತಾನೇ ಬಲಕ್ಕೆ ಎಳೆಯತೊಡಗಿತು, ಅಂಗಡಿಯವರು ವಾಪಸ್ ತಗೊಳ್ಳಲಿಲ್ಲ. ಎರಡನೆಯದು ಚೆನ್ನಾಗಿದೆ. ತರುವಾಗ ಅಂಗಡಿಯಲ್ಲೇ ಕಂಪ್ಯೂಟರಿಗೆ ಹಾಕಿ, ಕೈ ಬಿಟ್ಟಾಗ ನಡುವೆ ಬಂದು ನಿಲ್ಲುತ್ತದಾ ನೋಡಿಕೊಳ್ಳಿ.

ಸಾಫ್ಟ್‌ವೇರ್ ಜೊತೆಗೇ ಸೆಸ್ನಾ 172 ಬರುತ್ತದೆ. ನಾಲ್ಕು ಸೀಟಿನ, ಒಂದೇ ಎಂಜಿನ್ನಿನ ವಿಮಾನ. ಪ್ರಪಂಚದಲ್ಲಿ ತರಬೇತಿಗೆ ಬಹಳ ಜನ ಬಳಸುವುದು ಇದನ್ನೇ. ಇಳಿಯುವಾಗ ವೇಗ 65 ನಾಟ್ ಹತ್ತಿರ, ಅಂದರೆ ಗಂಟೆಗೆ 120 ಕಿಲೋಮೀಟರ್. ನಮ್ಮ ಸೇಡಂ ರಸ್ತೆಯಲ್ಲಿ ಕೆಲವರು ಕಾರು ಓಡಿಸುವ ವೇಗ. ಎಷ್ಟು ನಿಧಾನ ಅಲ್ವಾ ಅಂದುಕೊಂಡಿದ್ದೆ.

ಇನ್ನು ನಿಜವಾಗಿ ಉಪಯೋಗಕ್ಕೆ ಬಂದಿದ್ದು ಹೇಳುತ್ತೇನೆ. ಇದರಲ್ಲಿ ನೀವು ಏರ್‌ಪೋರ್ಟ್ ಆರಿಸಿದಾಗ ರನ್‌ವೇ ಮೇಲಿಂದಲೇ ಶುರು ಮಾಡಬೇಕು ಅಂತಿಲ್ಲ. 3 ಮೈಲಿ ದೂರದಿಂದ ಅಥವಾ 10 ಮೈಲಿ ದೂರದಿಂದ ನೇರ ಇಳಿಯುವ ಹಾದಿಯಲ್ಲೇ ಗಾಳಿಯಲ್ಲಿ ಶುರು ಮಾಡಬಹುದು. ಇಲ್ಲಿ ಮೈಲಿ ಅಂದರೆ ನಾಟಿಕಲ್ ಮೈಲಿ, 1852 ಮೀಟರ್. ಗಂಟೆ ಎಷ್ಟು, ದಿನಾಂಕ ಯಾವುದು, ಮೋಡ ಎಲ್ಲಿ, ಕಣ್ಣಿಗೆ ಎಷ್ಟು ದೂರ ಕಾಣಬೇಕು, ಎಲ್ಲಾ ನಾವೇ ಇಡಬಹುದು. ನಾನು ಅಮಾವಾಸ್ಯೆಯ ದಿನಾಂಕ ನೋಡಿ ರಾತ್ರಿ ಒಂಬತ್ತು ಗಂಟೆ ಇಟ್ಟೆ. ಆಕಾಶ ತಿಳಿ. ಗಾಳಿ ಇಲ್ಲ. ಊರು ಯಾವುದು? ನಮ್ಮದೇ, ಕಲಬುರಗಿ. ಸಂಕೇತ ವಿಒಜಿಬಿ.

ಕಲಬುರಗಿ ಏರ್‌ಪೋರ್ಟ್ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. 2019ರ ನವೆಂಬರ್ 22ಕ್ಕೆ ಶುರುವಾಯಿತು, ಶ್ರೀನಿವಾಸ ಸರಡಗಿ ಹತ್ತಿರ, ಊರಿನ ಪೂರ್ವಕ್ಕೆ. ರನ್‌ವೇ ಪೂರ್ವ ಪಶ್ಚಿಮವಾಗಿ ಮಲಗಿದೆ, ಉದ್ದ 3175 ಮೀಟರ್, ಅಗಲ 45 ಮೀಟರ್. ಈಗ ಪೂರ್ವದ ಕಡೆಯಿಂದ ಇಳಿಯಲು ಬರುತ್ತಿದ್ದೀರಿ ಅಂದುಕೊಳ್ಳಿ. ನಿಮ್ಮ ಕೆಳಗೆ ಬರೀ ತೊಗರಿ ಹೊಲ. ದೂರದಲ್ಲಿ ರನ್‌ವೇ ದೀಪ. ಅದರ ಹಿಂದೆ ಕಲಬುರಗಿ ಊರಿನ ಬೆಳಕು. ಬೆಳಕೆಲ್ಲಾ ಮುಂದೆ, ಕತ್ತಲೆಲ್ಲಾ ಕೆಳಗೆ.

ಪೈಲಟ್‌ಗಳು ಇದಕ್ಕೆ ಬ್ಲ್ಯಾಕ್ ಹೋಲ್ ಅಪ್ರೋಚ್ ಅನ್ನುತ್ತಾರೆ, ಕಪ್ಪು ಕುಳಿ ಇದ್ದಂಗೆ. 1960ರ ದಶಕದಲ್ಲಿ ಬೋಯಿಂಗ್ ಕಂಪನಿಯ ಕಾನ್ರಾಡ್ ಕ್ರಾಫ್ಟ್ ಇದನ್ನೇ ಪರೀಕ್ಷೆ ಮಾಡಿದರು. ಒಳ್ಳೆ ಅನುಭವ ಇದ್ದ ಪೈಲಟ್‌ಗಳನ್ನೇ ಸಿಮ್ಯುಲೇಟರಿನಲ್ಲಿ ಕೂರಿಸಿ, ಮುಂದೆ ಊರಿನ ದೀಪ, ಕೆಳಗೆ ಕತ್ತಲೆ, ಎತ್ತರ ನೋಡುವ ಮೀಟರ್ ಇಲ್ಲದೆ ಇಳಿಸಿ ಅಂದರು. ಅವರಿಗೆ ತಾವು ಸರಿಯಾಗೇ ಬರುತ್ತಿದ್ದೇವೆ ಅನ್ನಿಸುತ್ತಿತ್ತು, ಆದರೆ ಇರಬೇಕಾದ್ದಕ್ಕಿಂತ ತುಂಬಾ ಕೆಳಗೆ ಇಳಿದಿರುತ್ತಿದ್ದರು.

ನಾನೂ ಹಾಗೇ ಮಾಡಿದೆ. ನನ್ನ ಕೈಚೀಲದಲ್ಲಿ ಕಪ್ಪು ಇನ್ಸುಲೇಷನ್ ಟೇಪ್ ಯಾವಾಗಲೂ ಇರುತ್ತದೆ. ಒಂದು ತುಂಡು ಕತ್ತರಿಸಿ ಮಾನಿಟರ್ ಮೇಲೆ ಆಲ್ಟಿಮೀಟರ್, ಅಂದರೆ ಎತ್ತರ ತೋರಿಸುವ ಮೀಟರ್, ಕಾಣುವ ಜಾಗಕ್ಕೆ ಅಂಟಿಸಿದೆ. ಇನ್ನೊಂದು ತುಂಡು ರನ್‌ವೇ ಪಕ್ಕದ ಪ್ಯಾಪಿ ದೀಪ ಬರುವ ಜಾಗಕ್ಕೆ. ಪ್ಯಾಪಿ ಅಂದರೆ ರನ್‌ವೇ ಪಕ್ಕ ಸಾಲಾಗಿ ನಾಲ್ಕು ದೀಪ. ಸರಿ ಹಾದಿಯಲ್ಲಿದ್ದರೆ ಎರಡು ಬಿಳಿ ಎರಡು ಕೆಂಪು ಕಾಣುತ್ತವೆ. ನಾಲ್ಕೂ ಬಿಳಿಯಾದರೆ ಜಾಸ್ತಿ ಮೇಲೆ ಇದ್ದೀವಿ. ನಾಲ್ಕೂ ಕೆಂಪಾದರೆ ಜಾಸ್ತಿ ಕೆಳಗೆ. ಅವೆರಡನ್ನೂ ಮುಚ್ಚಿ, ಕೋಣೆಯ ಟ್ಯೂಬ್‌ಲೈಟ್ ಆರಿಸಿ, 10 ಮೈಲಿಯಿಂದ ಶುರು ಮಾಡಿದೆ.

ದೀಪದ ಸಾಲು ಅಷ್ಟು ಚೆಂದ ಕಾಣುತ್ತಿತ್ತು. ನೋಡಿದರೆ ನಾನು ಇನ್ನೂ ಮೇಲೆ ಇದ್ದೇನೆ ಅನ್ನಿಸುತ್ತಿತ್ತು. ಸ್ವಲ್ಪ ಇಳಿಸಿದೆ. ಇನ್ನೂ ಮೇಲೆ ಇದ್ದೇನೆ ಅನ್ನಿಸಿತು. ಮತ್ತೆ ಸ್ವಲ್ಪ. ರನ್‌ವೇ ಮುಂದೆಯೇ ಇದೆ, ದೀಪ ಒಂದೂ ಮರೆಯಾಗಿಲ್ಲ, ಎಲ್ಲಾ ಸರಿ ಇದೆ, ಕೈ ಕೂಡ ಬಿಗಿಯಾಗಿಲ್ಲ. ಆಮೇಲೆ ಒಂದೇ ಸಲ ಹತ್ತಿರದ ದೀಪಗಳು ಆರಿದಂತೆ ಕಾಣೆಯಾದವು, ಅಷ್ಟರಲ್ಲಿ ಪರದೆ ನಿಂತುಬಿಟ್ಟಿತು. ಹೊಲದಲ್ಲಿ ಬಿದ್ದಿದ್ದೆ. ರನ್‌ವೇ ಇನ್ನೂ ಒಂದು ಮೈಲಿಗಿಂತ ಜಾಸ್ತಿ ದೂರ ಇತ್ತು.

ಹತ್ತು ಸಲ ಮಾಡಿದೆ. ಏಳು ಸಲ ಹೊಲಕ್ಕೇ. ಟೇಪ್ ಕಿತ್ತು, ಪ್ಯಾಪಿ ನೋಡುತ್ತಾ ಆಲ್ಟಿಮೀಟರ್ ನೋಡುತ್ತಾ ಹತ್ತು ಸಲ ಮಾಡಿದೆ. ಹತ್ತೂ ಸಲ ರನ್‌ವೇಗೆ ಬಂದೆ. ನಾನೇನು ಪೈಲಟ್ ಅಲ್ಲ, ಆದರೂ ಬಂದೆ.

ಯಾಕೆ ಹೀಗಾಗುತ್ತದೆ ಅಂತ ಆಮೇಲೆ ಕೂತು ಯೋಚಿಸಿದೆ. ಹಗಲು ಹೊತ್ತು ಕಣ್ಣು ಎತ್ತರ ಅಳೆಯುವುದು ರನ್‌ವೇ ಒಂದನ್ನೇ ನೋಡಿ ಅಲ್ಲ. ಕೆಳಗೆ ಮರ ಇದೆ, ಬದು ಇದೆ, ಎತ್ತು ಮೇಯುತ್ತಿದೆ, ಅವುಗಳ ಅಳತೆ ನಮಗೆ ಮೊದಲೇ ಗೊತ್ತು. ರಾತ್ರಿ ಅವು ಯಾವುವೂ ಇಲ್ಲ. ಉಳಿಯುವುದು ದೀಪದ ಆಕಾರ ಮಾತ್ರ. ಸರಿಯಾದ ಹಾದಿಯಲ್ಲಿ ಬಂದರೆ ಹತ್ತಿರ ಬಂದಂತೆ ರನ್‌ವೇ ಕಣ್ಣಿಗೆ ಉದ್ದವಾಗುತ್ತಾ ಹೋಗಬೇಕು. ಗೊತ್ತಿಲ್ಲದೆ ನಾವು ಅದನ್ನು ಒಂದೇ ಅಳತೆಯಲ್ಲಿ ಹಿಡಿದಿಡಲು ನೋಡುತ್ತೇವೆ. ಹಾಗೆ ಹಿಡಿದಿಟ್ಟರೆ ವಿಮಾನದ ಹಾದಿ ನೇರ ಇರಲ್ಲ, ಕಮಾನು ತಲೆಕೆಳಗಾದಂತೆ ಬಾಗಿ, ರನ್‌ವೇಗಿಂತ ಮೊದಲೇ ನೆಲ ಮುಟ್ಟುತ್ತದೆ. ಕಣ್ಣಿಗೆ ಕೊನೆವರೆಗೂ ಎಲ್ಲಾ ಸರಿಯಾಗೇ ಕಾಣುತ್ತಿರುತ್ತದೆ.

ನಮ್ಮ ಕಡೆ ರಾತ್ರಿ ಬೈಕಿನಲ್ಲಿ ಹೋಗುವವರಿಗೆ ಇದರ ಒಂದು ತುಣುಕು ಗೊತ್ತಿರುತ್ತದೆ. ದೂರದ ಹೊಲದಲ್ಲಿ ಪಂಪ್‌ಸೆಟ್ ಮನೆಯ ಬಲ್ಬ್ ಒಂದೇ ಉರಿಯುತ್ತಿದ್ದರೆ ಅದು ಎಷ್ಟು ದೂರ ಇದೆ ಅಂತ ಹೇಳಲಾಗದು. ನಿಂತು ಅದನ್ನೇ ದಿಟ್ಟಿಸಿ ನೋಡಿದರೆ ಬಲ್ಬ್ ಅತ್ತ ಇತ್ತ ಸರಿದಂತೆ ಕಾಣುತ್ತದೆ. ಕಂಬ ಹತ್ತಿ ದೀಪ ಹಾಕುವ ನನಗೇ ಹಾಗೆ ಕಂಡಿದೆ. ಪೈಲಟ್‌ಗಳಿಗೂ ಇದೇ ತೊಂದರೆ, ಒಂಟಿ ದೀಪವನ್ನು ಬೇರೆ ವಿಮಾನ ಅಂದುಕೊಂಡು ತಿರುಗಿಸಿದವರು ಇದ್ದಾರಂತೆ. ಅದಕ್ಕೇ ಒಂದೇ ದೀಪ ದಿಟ್ಟಿಸಬಾರದು, ಕಣ್ಣು ಆಡಿಸುತ್ತಿರಬೇಕು ಅಂತ ಕಲಿಸುತ್ತಾರೆ.

ಆಲ್ಟಿಮೀಟರ್ ಬಗ್ಗೆ ಒಂದು ಮಾತು, ಯಾಕೆಂದರೆ ಇದರಲ್ಲಿ ನಾನೇ ಮೋಸ ಹೋದೆ. ಅದು ತೋರಿಸುವುದು ಸಮುದ್ರ ಮಟ್ಟದಿಂದ ಎತ್ತರ. ಕಲಬುರಗಿಯೇ ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಮೇಲಿದೆ, ಅಡಿಯಲ್ಲಿ 1500 ಹತ್ತಿರ. ಆಲ್ಟಿಮೀಟರ್ 2000 ಅಡಿ ತೋರಿಸುತ್ತಿದ್ದರೆ ನೆಲ ಬರೀ 500 ಅಡಿ ಕೆಳಗಿದೆ ಅಂತ ಅರ್ಥ. ಸುಸ್ತಾದ ರಾತ್ರಿ ಈ ಕಳೆಯುವ ಲೆಕ್ಕವೂ ತಪ್ಪುತ್ತದೆ. ಒಮ್ಮೆ ಕೆಲಸ ಮುಗಿಸಿ ಬಂದು ಹನ್ನೊಂದು ಗಂಟೆಗೆ ಕೂತಾಗ ನಾನೇ ಇನ್ನೂ 2000 ಅಡಿ ಇದೆ ಅಂದುಕೊಂಡು ಇಳಿಸಿಬಿಟ್ಟೆ.

ರನ್‌ವೇ ಅಗಲ ಕೂಡ ಕಣ್ಣನ್ನು ಕೆಡಿಸುತ್ತದೆ. ಅಕ್ಕನ ಮಗಳು ಕಲಿಯುವ ಕಡೆ ರನ್‌ವೇ ಸಣ್ಣದು. ಅದೇ ಅಳತೆಯ ಒಂದು ರನ್‌ವೇ ಹುಡುಕಿ ನಾಲ್ಕು ದಿನ ಅಲ್ಲೇ ಇಳಿಸಿದೆ. ಆಮೇಲೆ ಕಲಬುರಗಿಯ 45 ಮೀಟರ್ ಅಗಲಕ್ಕೆ ಬಂದಾಗ ನೆಲ ಬಂದೇಬಿಟ್ಟಿತು ಅನ್ನಿಸಿ ಎಷ್ಟೋ ಮೇಲೇ ಮೂತಿ ಎತ್ತಿದೆ, ವೇಗ ಸತ್ತು ವಿಮಾನ ದಪ್ ಅಂತ ಬಿತ್ತು. ಅಗಲದಿಂದ ಸಣ್ಣದಕ್ಕೆ ಹೋದರೆ ಇದರ ಉಲ್ಟಾ, ಮೇಲೆ ಇದ್ದೇನೆ ಅನ್ನಿಸಿ ಕೆಳಗೆ ಇಳಿಯುತ್ತೇವೆ. ರಾತ್ರಿ ಅದು ಜಾಸ್ತಿ ಅಪಾಯ.

ಫೇಲ್ಯೂರ್ ಮೆನು ಅಂತ ಒಂದಿದೆ, ಇದಕ್ಕೆ ನನ್ನ ಪೂರ್ತಿ ಮೆಚ್ಚುಗೆ. ಎಂಜಿನ್ ನಿಲ್ಲಿಸಬಹುದು, ಕರೆಂಟ್ ತೆಗೆಯಬಹುದು, ಹಕ್ಕಿ ಬಡಿಸಬಹುದು. ನಾನು ಸುಮ್ನೆ ಲ್ಯಾಂಡಿಂಗ್ ಲೈಟ್ ಆರಿಸಿ ಇಳಿಸಿ ನೋಡಿದೆ. ಮೊದಲು ಭಯ ಆಯಿತು, ಆದರೆ ಆಮೇಲೆ ತಿಳಿದಿದ್ದು ಬೇರೆ. ಲ್ಯಾಂಡಿಂಗ್ ಲೈಟ್ ಇದ್ದಾಗ ಅದು ಬೆಳಗಿದ ಸ್ವಲ್ಪ ನೆಲವನ್ನೇ ನೋಡುತ್ತಾ ಕೂರುತ್ತಿದ್ದೆ, ಇಲ್ಲದಾಗ ರನ್‌ವೇ ಉದ್ದಕ್ಕೂ ನೋಡಬೇಕಾಯಿತು. ಲೈಟ್ ಇಲ್ಲದೆ ನಾನು ಇಳಿಸಿದ್ದು ಲೈಟ್ ಇದ್ದಾಗ ಇಳಿಸಿದ್ದಕ್ಕಿಂತ ಮೆತ್ತಗಿತ್ತು.

ಇನ್ನು ಇದರಿಂದ ಆಗದ ಕೆಲಸ. ಯಾವ ಕಂಪ್ಯೂಟರಿನಿಂದಲೂ ಆಗದು, ಈ ಒಂದರ ಮೇಲೆ ದೂರು ಅಲ್ಲ.

ಪರದೆಯ ಕಪ್ಪು ನಿಜವಾದ ಕತ್ತಲೆ ಅಲ್ಲ, ಅದು ಬೆಳಗುವ ಕಪ್ಪು. ಕತ್ತಲೆಗೆ ಕಣ್ಣು ಪೂರ್ತಿ ಹೊಂದಿಕೊಳ್ಳಲು ಅರ್ಧ ಗಂಟೆ ಬೇಕು, ಒಂದು ಕ್ಷಣ ಜೋರು ಬೆಳಕು ಕಂಡರೆ ಆ ಅರ್ಧ ಗಂಟೆ ಹೋಯಿತು. ನನ್ನ ಹೆಂಡತಿ ನಡುವೆ ಬಾಗಿಲು ತೆರೆದು ಊಟಕ್ಕೆ ಕರೆದಾಗಲೆಲ್ಲಾ ಅಡುಗೆಮನೆಯ ಬೆಳಕು ಬಿದ್ದು ಏನೂ ಕಾಣುತ್ತಿರಲಿಲ್ಲ. ಮೇ ತಿಂಗಳಲ್ಲಿ ಒಂದು ರಾತ್ರಿ ಕರೆಂಟ್ ಹೋಗಿ ಇಡೀ ಓಣಿ ಕತ್ತಲಾಯಿತು, ಯುಪಿಎಸ್ ಮೇಲೆ ಕಂಪ್ಯೂಟರ್ ಮಾತ್ರ ನಡೆಯುತ್ತಿತ್ತು. ಆ ಹತ್ತು ನಿಮಿಷದಲ್ಲಿ ಇಳಿಸಿದ್ದೇ ನಾಲ್ಕು ತಿಂಗಳಲ್ಲಿ ನಿಜಕ್ಕೆ ಹತ್ತಿರ ಅನ್ನಿಸಿದ್ದು. ಸೆಖೆಗೆ ಅಂಗಿ ಮೈಗೆ ಅಂಟಿತ್ತು, ಫ್ಯಾನ್ ಇಲ್ಲ, ನನ್ನ ಉಸಿರು ನನಗೇ ಕೇಳುತ್ತಿತ್ತು.

ಕೊನೆಯ ಇಪ್ಪತ್ತು ಅಡಿಯನ್ನೂ ಇದು ಕಲಿಸಲ್ಲ. ನೆಲ ಹತ್ತಿರ ಬಂದದ್ದು ಪೈಲಟ್‌ಗೆ ಗೊತ್ತಾಗುವುದು ಬಹಳಷ್ಟು ಕಣ್ಣಂಚಿನಿಂದ, ಎರಡೂ ಪಕ್ಕದ ದೀಪ ಮೇಲೇರಿ ಬರುವುದರಿಂದ. ಮಾನಿಟರಿಗೆ ಕಣ್ಣಂಚು ಇಲ್ಲ. ವಿಆರ್ ಕನ್ನಡಕ ಹಾಕಿ ಆಡುವ ವ್ಯವಸ್ಥೆ ಇದರಲ್ಲಿದೆ, ನಾನು ಅದಕ್ಕೆ ದುಡ್ಡು ಹಾಕಿಲ್ಲ.

ಎಲ್ಲಕ್ಕಿಂತ ದೊಡ್ಡದು ಕಿವಿ. ಕಣ್ಣು ಮಾಡುವ ಮೋಸ ಇದು ತೋರಿಸುತ್ತದೆ, ಕಿವಿ ಮಾಡುವ ಮೋಸ ತೋರಿಸಲಾರದು. ನಮ್ಮ ತೂಕ ಯಾವ ಕಡೆ ವಾಲಿದೆ ಅಂತ ಹೇಳುವುದು ಒಳಕಿವಿಯ ನೀರು. ನಿಧಾನವಾಗಿ ವಾಲಿದರೆ ಅದಕ್ಕೆ ಗೊತ್ತೇ ಆಗಲ್ಲ. ಹಗಲು ದಿಗಂತ ಕಾಣುತ್ತದೆ, ಕಣ್ಣು ತಿದ್ದುತ್ತದೆ. ರಾತ್ರಿ, ಅದರಲ್ಲೂ ನೀರಿನ ಮೇಲೆ, ದಿಗಂತವೇ ಇಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ಜಾನ್ ಕೆನಡಿ ಜೂನಿಯರ್ 1999ರ ಜುಲೈ 16ರ ರಾತ್ರಿ ತಮ್ಮದೇ ಪೈಪರ್ ಸರಟೋಗ ವಿಮಾನ ಹಾರಿಸಿಕೊಂಡು ಮಾರ್ಥಾಸ್ ವಿನ್ಯಾರ್ಡ್ ದ್ವೀಪಕ್ಕೆ ಇಳಿಯುತ್ತಾ ಹೋಗುವಾಗ ಸಮುದ್ರಕ್ಕೆ ಬಿದ್ದರು. ಜೊತೆಗೆ ಹೆಂಡತಿ, ಹೆಂಡತಿಯ ಅಕ್ಕ. ಮಸುಕು ಹವೆ, ಕತ್ತಲೆ, ಕೆಳಗೆ ನೀರು. ತನಿಖೆ ಮಾಡಿದವರು ಯಂತ್ರದ ದೋಷ ಅನ್ನಲಿಲ್ಲ, ಪೈಲಟ್‌ಗೆ ದಿಕ್ಕು ತಪ್ಪಿ ವಿಮಾನ ಕೈಮೀರಿತು ಅಂದರು. ನಾನು ಕುರ್ಚಿಯಲ್ಲಿ ಕೂತು ಆಡುವಾಗ ಪರದೆ ಎಷ್ಟೇ ವಾಲಿದರೂ ನನ್ನ ಕಿವಿ ನೆಟ್ಟಗೇ ಇರುತ್ತದೆ. ಆ ತಲೆ ತಿರುಗು ನನಗೆ ಬರುವುದೇ ಇಲ್ಲ. ಅದಕ್ಕೇ ಇದರಲ್ಲಿ ನೂರು ಸಲ ಇಳಿಸಿದ್ದೇನೆ, ನನಗೆ ಬರುತ್ತದೆ ಅಂತ ಯಾರೂ ಅಂದುಕೊಳ್ಳಬೇಡಿ, ತರಬೇತಿ ಪಡೆಯುವ ಹುಡುಗರಂತೂ ಖಂಡಿತ ಬೇಡ. ಮೀಟರ್ ನಂಬುವ ಅಭ್ಯಾಸ ಇದರಲ್ಲಿ ಮಾಡಿಕೊಳ್ಳಬಹುದು, ಮೈ ಬೇರೆ ಏನೋ ಹೇಳುವಾಗಲೂ ಮೀಟರನ್ನೇ ನಂಬುವುದು ವಿಮಾನದಲ್ಲೇ, ಕಲಿಸುವವರ ಪಕ್ಕದಲ್ಲೇ ಆಗಬೇಕು.

ಯಾರು ತಗೋಬೇಕು? ನಿಮ್ಮ ಮನೆಯ ಮಗುವೊಂದು ಫ್ಲೈಯಿಂಗ್ ಶಾಲೆಯಲ್ಲಿದ್ದು, ರಜೆಯಲ್ಲಿ ಮನೆಗೆ ಬಂದಾಗ ಕೈ ಬಿಟ್ಟುಹೋಗಬಾರದು ಅಂತಿದ್ದರೆ ಕಣ್ಣು ಮುಚ್ಚಿ ತಗೊಳ್ಳಿ. ನನ್ನ ಹಾಗೆ ಮನೆಯಲ್ಲಿ ಕೂತು ಹೆದರುವವರಿಗೂ ಉಪಯೋಗ ಇದೆ. ಹೆದರಿಕೆ ಹೋಗಲಿಲ್ಲ, ಆದರೆ ಯಾವುದಕ್ಕೆ ಹೆದರಬೇಕು ಅಂತ ಗೊತ್ತಾಯಿತು. ಈಗ ಫೋನಿನಲ್ಲಿ ಅವಳಿಗೆ "ಹುಷಾರಾಗಿರು ಅವ್ವಾ" ಅಂತ ಮಾತ್ರ ಹೇಳಲ್ಲ. ಅಲ್ಲಿ ಪ್ಯಾಪಿ ಇದೆಯಾ, ಯಾವ ಕಡೆಯಿಂದ ಇಳಿತೀ, ಕೆಳಗೆ ಊರಾ ಹೊಲವಾ ಅಂತ ಕೇಳುತ್ತೇನೆ.

ನಾಗರ ಪಂಚಮಿಗೆ ಅವಳು ಊರಿಗೆ ಬಂದಳು. ಹತ್ತೂ ಇಳಿತ ಮುಗಿಸಿಯೇ ಬಂದಿದ್ದಳು, ಅವ್ವನಿಗೂ ಹೇಳಿಯಾಗಿತ್ತು. ಉಂಡಿ ತಟ್ಟೆ ಹಿಡಿದುಕೊಂಡು ಅಕ್ಕ ಹಿಂದೆ ನಿಂತಳು, ಮಗಳು ಜಾಯ್‌ಸ್ಟಿಕ್ ಮುಂದೆ ಕೂತಳು. ಅದೇ ಅಮಾವಾಸ್ಯೆ, ಅದೇ 10 ಮೈಲಿ, ಅದೇ ಪೂರ್ವದ ಕಡೆ. ಅವಳ ಕಣ್ಣು ಒಂದು ಕಡೆ ನಿಲ್ಲುತ್ತಲೇ ಇರಲಿಲ್ಲ. ರನ್‌ವೇ, ವೇಗ, ಎತ್ತರ, ಮತ್ತೆ ರನ್‌ವೇ. ನಾನು ಪೂರ್ತಿ ಹೊತ್ತು ದೀಪವನ್ನೇ ನೋಡುತ್ತಿದ್ದೆ ಅಂತ ಆಗ ತಿಳಿಯಿತು. ಕೊನೆಗೆ ಮೂತಿ ಎತ್ತುವಾಗ, "ಮಾಮಾ, ಹತ್ತಿರದ ನೆಲ ನೋಡಬ್ಯಾಡ, ಆ ಕೊನಿ ದೀಪ ನೋಡು" ಅಂದಳು. ಚಕ್ರ ಮುಟ್ಟಿದ್ದು ಶಬ್ದದಿಂದಲೇ ಗೊತ್ತಾಗಿದ್ದು.

ಅಕ್ಕ ಅಷ್ಟು ಹೊತ್ತು ಮಾತಾಡಿರಲಿಲ್ಲ. "ಆ ಕೆಂಪು ಬಿಳಿ ದೀಪ ಎಲ್ಲಾ ಕಡೆ ಇರ್ತಾವೇನು?" ಅಂತ ಕೇಳಿದಳು.

"ಎಲ್ಲಾ ಕಡೆ ಇರಲ್ಲ ಅವ್ವಾ."

"ಇಲ್ಲದ ಕಡೆ?"

"ದೂರ ನೋಡಿ ಲೆಕ್ಕ ಹಾಕ್ತೀವಿ. ಒಂದು ಮೈಲಿಗೆ ಮುನ್ನೂರು ಅಡಿ. ಮೂರು ಮೈಲಿ ಇದ್ದರ ಒಂಬತ್ನೂರು ಇರಬೇಕು. ಕಮ್ಮಿ ಇದ್ದರ ಇಳಿಯೋದು ನಿಲ್ಲಿಸಬೇಕು, ಕಣ್ಣು ಏನೇ ಹೇಳಲಿ."

ಅವಳು ಹೊರಟ ಮರುದಿನ ನಾನು ಮತ್ತೆ ಟೇಪ್ ಅಂಟಿಸಿ ಕೂತಿದ್ದೆ, ಈ ಸಲ ಪ್ಯಾಪಿಗೆ ಮಾತ್ರ, ಆಲ್ಟಿಮೀಟರ್ ಬಿಟ್ಟು. ಅಕ್ಕ ಬಂದು ಪಕ್ಕದ ಕುರ್ಚಿ ಎಳೆದು ಕೂತು, ಮೈಲಿ ಎಷ್ಟಾಯಿತು ಅಂತ ಕೇಳಿದಳು. ಎರಡು ಅಂದೆ. "ಆರ್ನೂರು ಇರಬೇಕು, ಎಷ್ಟದ ನೋಡು" ಅಂದಳು. ಅದರ ಮೇಲೆ ಊರಿನ 1500 ಕೂಡಿಸಿ ನೋಡಿದೆ. ನೂರು ಅಡಿ ಕಮ್ಮಿ ಇತ್ತು.